ಕೊನೆಯ ಸಾಲಿನಿಂದ ಓದುವುದು

ಏಪ್ರಿಲ್ 4, ಶುಕ್ರವಾರ

ಈ ಡೈರಿಯಲ್ಲಿ ಮೇ 16 ಎರಡು ಸಲ ಅಚ್ಚಾಗಿದೆ. ನಮ್ಮ ಪ್ರೆಸ್ಸಿನದೇ ಪ್ರತಾಪ. ಯಾರೂ ಕೊಳ್ಳದೆ ಗೋದಾಮಿನಲ್ಲಿ ಕಟ್ಟು ಕಟ್ಟಾಗಿ ಬಿದ್ದಿದ್ದವು. ಬೈಂಡರ್ ಒಂದನ್ನು ತಂದು ನನ್ನ ಮೇಜಿನ ಮೇಲೆ ಹಾಕಿ, "ತಗೊಳ್ಳಿ, ಈ ವರ್ಷ ನಿಮಗೆ ಒಂದು ದಿನ ಜಾಸ್ತಿ ಆಯಸ್ಸು" ಎಂದು ನಕ್ಕ. ಇದರ ಪ್ರೂಫ್ ನೋಡಿ ಸಹಿ ಹಾಕಿದವನು ನಾನೇ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಇಪ್ಪತ್ತೇಳು ವರ್ಷ ಪ್ರೂಫ್ ರೀಡರ್ ಆಗಿ ಕೂತಿದ್ದೇನೆ. ಇಂಥದ್ದೊಂದು ಹಿಂದೆ ನಡೆದಿರಲಿಲ್ಲ.

ಯಾರಿಗೂ ಹೇಳದ ಮಾತನ್ನು ಇಲ್ಲಿ ಬರೆಯುತ್ತೇನೆ. ಎಡಗಣ್ಣಿಗೆ ಅಕ್ಷರಗಳ ಮೇಲೆ ಹಾಲಿನ ಕೆನೆ ಕಟ್ಟಿದ ಹಾಗೆ ಕಾಣುತ್ತಿದೆ. ಬಲಗಣ್ಣು ಇನ್ನೂ ಪರವಾಗಿಲ್ಲ. ಪರವಾಗಿಲ್ಲ ಅಂದರೆ, ಬೆಳಗ್ಗೆ ಪರವಾಗಿಲ್ಲ. ನನಗೆ ಭಯವಾಗಿದೆ.

ಮಗಳು ಇಂದು ಶಾಲೆಯಿಂದ ಕುಣಿಯುತ್ತ ಬಂದಳು. ಹುಟ್ಟಿದಾಗ ಇಟ್ಟ ಹೆಸರು ಶಾಲೆಯ ದಾಖಲೆಯಲ್ಲಿದೆ. ಮನೆಯಲ್ಲಿ ಮಾತಿನಮಲ್ಲಿ ಎಂದು ಕರೆದು ಕರೆದು ಈಗ ಬರೀ ಮಲ್ಲಿ ಉಳಿದಿದೆ. ಹದಿನಾಲ್ಕು ವರ್ಷ. ಬಾಯಿ ಮುಚ್ಚುವುದು ನಿದ್ದೆಯಲ್ಲಿ ಮಾತ್ರ, ಅದೂ ಖಾತ್ರಿ ಇಲ್ಲ. ಹೈಸ್ಕೂಲಿನಲ್ಲಿ ಇಂಗ್ಲಿಷಿಗೆ ಒಂದು ವಿಶೇಷ ವಿಭಾಗವಿದೆ. ಟೀಚರ್ ಮೂವತ್ತು ಮಕ್ಕಳನ್ನು ಆರಿಸಿ ಬೇಸಿಗೆ ರಜೆಗೆ ಕೆಲಸ ಕೊಟ್ಟಿದ್ದಾರೆ. ಆ ವಿಭಾಗದಲ್ಲಿ ಹದಿನೈದು ಮಕ್ಕಳಿಗೆ ಮಾತ್ರ ಜಾಗ.

ಕೆಲಸ ಇಷ್ಟು: ಮೂರು ಇಂಗ್ಲಿಷ್ ಕಾದಂಬರಿ ಓದಬೇಕು. ನೋಟುಬುಕ್ಕಿನ ಎಡ ಪುಟದಲ್ಲಿ ಪುಸ್ತಕದಿಂದ ಮನಸ್ಸಿಗೆ ಹತ್ತಿದ ಒಂದು ಸಾಲು. ಬಲ ಪುಟದಲ್ಲಿ ಅದನ್ನು ಓದಿ ತನಗೆ ಅನ್ನಿಸಿದ್ದು. ದಿನವೂ ಮನೆಯ ಹಿರಿಯರೊಬ್ಬರು ಕೆಳಗೆ ಸಹಿ ಹಾಕಬೇಕು. ರಜೆ ಮುಗಿಯುವಾಗ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಟೀಚರ್ ಹತ್ತು ನಿಮಿಷ ಮಾತಾಡುತ್ತಾರಂತೆ.

"ಅಪ್ಪಾ, ಆ ಕ್ಲಾಸಲ್ಲಿ ಒಂದು ಬೀರು ತುಂಬಾ ಪುಸ್ತಕ ಇದೆ. ಅಲ್ಲಿ ಕೂತವರು ಯಾವುದು ಬೇಕಾದ್ರೂ ಮನೆಗೆ ತರಬಹುದು. ನಾನು ಒಂದು ಕಡೆಯಿಂದ ಶುರು ಮಾಡ್ತೀನಿ, ಬೀರು ಖಾಲಿ ಆಗೋವರೆಗೂ ಬಿಡಲ್ಲ!"

ಸಹಿ ಹಾಕುವ ಹಿರಿಯ ನಾನೇ ಎಂದು ಹೇಳಿದೆ. ಇವಳಿಗೆ, ಅಂದರೆ ಮಲ್ಲಿಯ ಅಮ್ಮನಿಗೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಈ ಬೇಸಿಗೆಯೆಲ್ಲ ಮಧ್ಯಾಹ್ನದ ಪಾಳಿ. ನಾನು ಹೈಸ್ಕೂಲು ಮುಗಿಸದೆ ಪ್ರೆಸ್ಸಿಗೆ ಸೇರಿದವನು. ಇಂಗ್ಲಿಷಿನಲ್ಲಿ ತಪ್ಪು ಹಿಡಿಯಬಲ್ಲೆ. ಎರಡು ಮಾತಾಡು ಅಂದರೆ ಬೆವರುತ್ತೇನೆ. ನನ್ನ ಮಗಳು ಹಾಗಾಗಬಾರದು.

ಏಪ್ರಿಲ್ 6, ಭಾನುವಾರ

ಮೊದಲ ಪುಸ್ತಕ ಕುದುರೆಯದು. ಗಿರಣಿಯಲ್ಲಿ ಸುತ್ತುವ ಕುರುಡು ಕುದುರೆ, ಅದನ್ನು ನೋಡಿಕೊಳ್ಳುವ ಹುಡುಗಿ. ಮಲ್ಲಿ ನಡೆಯುತ್ತ ಓದುತ್ತಾಳೆ, ಹಲ್ಲುಜ್ಜುತ್ತ ಓದುತ್ತಾಳೆ. ಬಚ್ಚಲಿನ ಬಾಗಿಲಿಗೆ ಹಣೆ ಬಡಿದುಕೊಂಡಳು. ಉಜ್ಜಿಕೊಳ್ಳುತ್ತ ಅದೇ ಪುಟ ಮುಂದುವರಿಸಿದಳು. ಮಧ್ಯಾಹ್ನ ಊಟಕ್ಕೆ ಕೂತವಳು ತಟ್ಟೆಯ ಮುಂದೆ ಬಿಕ್ಕಿ ಬಿಕ್ಕಿ ಅತ್ತಳು. ಕುದುರೆಯನ್ನು ಮಾರಿಬಿಟ್ಟರಂತೆ.

"ಯಾರು ಸತ್ರು ಅಂತ ಹೀಗೆ ಅಳ್ತೀಯೇ?" ಎಂದಳು ಇವಳು.

"ಸಾಯೋದಾದ್ರೂ ಪರವಾಗಿಲ್ಲಮ್ಮ, ಅದಕ್ಕೆ ಯಾರು ಕರ್ಕೊಂಡು ಹೋಗ್ತಿದಾರೆ ಅಂತಾನೂ ಕಾಣಲ್ವಲ್ಲ!"

ಮೊದಲ ಸಹಿ ಹಾಕಿದೆ. ಬಲ ಪುಟದಲ್ಲಿ ಏಳು ತಪ್ಪು ಕಣ್ಣಿಗೆ ಬಿದ್ದವು. ಪೆನ್ಸಿಲಿನಿಂದ ಎರಡನ್ನು ಮಾತ್ರ ತಿದ್ದಿದೆ. ಮಲ್ಲಿ ನಕ್ಕು, "ನೀನು ಪೊಲೀಸ್ ಆಗ್ಬೇಕಿತ್ತಪ್ಪಾ" ಎಂದಳು.

ಏಪ್ರಿಲ್ 11

ಔಷಧದ ಪೆಟ್ಟಿಗೆಯೊಳಗೆ ಮಡಿಸಿ ಇಡುವ ಚೀಟಿಗಳೇ ನಮ್ಮ ಪ್ರೆಸ್ಸಿನ ಮುಖ್ಯ ಕೆಲಸ. ಇರುವೆಯಂಥ ಅಕ್ಷರ. ಯಾವ ಮಾತ್ರೆ, ದಿನಕ್ಕೆ ಎಷ್ಟು, ಯಾರು ನುಂಗಬಾರದು. ಇಂದು ಫೋರ್‌ಮನ್ ಒಂದು ಚೀಟಿ ತಂದು ನನ್ನ ಮುಂದಿಟ್ಟರು. "ಗರ್ಭಿಣಿಯರು ಸೇವಿಸಬಾರದು" ಎಂಬ ಸಾಲೇ ಇಲ್ಲ. ಕೆಳಗೆ ನನ್ನ ಸಹಿ ಇದೆ. ಔಷಧದ ಕಂಪನಿಯವರು ನೋಡಿದ್ದರಿಂದ ಬಚಾವಾದೆವು.

ಫೋರ್‌ಮನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಕಂಪ್ಯೂಟರೇ ತಪ್ಪು ಹುಡುಕುತ್ತಂತಲ್ಲ ಈಗ, ಯಜಮಾನರು ವಿಚಾರಿಸ್ತಿದ್ರು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಹೇಳಿ ಹೋದರು.

ಮನೆಗೆ ಬಂದು ಮಲ್ಲಿಯ ನೋಟುಬುಕ್ಕು ತೆಗೆದೆ. ಐದು ಪುಟದಲ್ಲಿ ಮೂವತ್ತೆಂಟು ತಪ್ಪು. ದಪ್ಪ ದಪ್ಪ ಕೈಬರಹ, ಚೆನ್ನಾಗಿ ಕಾಣುತ್ತಿತ್ತು. ಕೆಂಪು ಪೆನ್ನು ತೆಗೆದುಕೊಂಡು ಒಂದನ್ನೂ ಬಿಡದೆ ಹಿಡಿದೆ. ಬಹಳ ದಿನದ ಮೇಲೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಏಪ್ರಿಲ್ 13, ಭಾನುವಾರ

ಐದೂ ಪುಟ ಹೊಸದಾಗಿ ಬರೆಸಿದೆ. ಮುಖ ಊದಿಸಿಕೊಂಡು ಬರೆದಳು. ಆಮೇಲೆ ಇಂದಿನ ಪುಟ ತಂದಳು. ಎಡಕ್ಕೆ, ಕುದುರೆ ಅಂಗಳ ದಾಟಿತು ಎಂಬ ಒಂದು ಸಾಲು. ಬಲಕ್ಕೆ ಮಲ್ಲಿಯ ಇಂಗ್ಲಿಷಿನಲ್ಲಿ ಹೀಗಿತ್ತು: ನಾನು ಈ ಪುಟದೊಳಗೆ ಹೋಗಿ ಕುದುರೆಯ ಹಗ್ಗ ಹಿಡಿದುಕೊಂಡು, ನಾನಿದ್ದೇನೆ ಎಂದು ಅದರ ಕಿವಿಯಲ್ಲಿ ಹೇಳಬೇಕು.

"ಕಾಗದದೊಳಗೆ ಹೇಗೆ ಹೋಗ್ತೀಯ?"

"ಹೋಗ್ಬೋದಪ್ಪಾ. ನಾನು ಹೋಗ್ತೀನಿ. ನೀನು ಹೋಗಲ್ವಾ?"

"ನಾನು ಕಾಗದದ ಮೇಲೆ ಕೆಲಸ ಮಾಡೋನು, ಒಳಗಲ್ಲ" ಎಂದೆ. ಹಗ್ಗದ ವಾಕ್ಯವನ್ನು ಹೊಡೆದು ಹಾಕಿ "ಅಸಂಬದ್ಧ" ಎಂದು ಪಕ್ಕದಲ್ಲಿ ಬರೆದೆ.

ಏಪ್ರಿಲ್ 15

ನನ್ನ ವಿದ್ಯೆಯನ್ನು ಮಗಳಿಗೆ ಧಾರೆ ಎರೆದೆ.

ಪ್ರೂಫ್ ನೋಡುವವನು ಅರ್ಥದ ಬೆನ್ನು ಹತ್ತಬಾರದು. ಅರ್ಥ ಓಡಿಸಿಕೊಂಡು ಹೋಗುತ್ತದೆ. ಓಡುವವನಿಗೆ ಕಾಲಡಿಯ ಕಲ್ಲು ಕಾಣುವುದಿಲ್ಲ. ಅದಕ್ಕೇ ಪುಟವನ್ನು ಕೊನೆಯ ಸಾಲಿನಿಂದ ಮೇಲಕ್ಕೆ ಓದಬೇಕು. ಸಾಲಿನ ಕೆಳಗೆ ಸ್ಕೇಲು. ಒಂದು ಸಾಲು ಮುಗಿಯಿತು, ಸ್ಕೇಲು ಒಂದು ಮೆಟ್ಟಿಲು ಮೇಲೆ. ಹಿರಿಯ ಪ್ರೂಫ್ ರೀಡರ್ ನನಗೆ ಹೀಗೇ ಕಲಿಸಿದ್ದು. ಮೊದಲ ವರ್ಷ ಅವರು ತಲೆಯ ಮೇಲೆ ಮೊಟಕುತ್ತಿದ್ದರು. ನಾನು ಮಗಳಿಗೆ ಒಂದು ಸಲವೂ ಮೊಟಕಿಲ್ಲ.

ಮೊದಲಿಗೆ ಆಟವೆಂದುಕೊಂಡಳು. "ಹಿಂದೆ ಹಿಂದೆ ನಡೆದ ಹಾಗಿದೆ" ಎಂದು ನಕ್ಕಳು. ಎರಡನೆಯ ಕಾದಂಬರಿಯ ಹತ್ತು ಪುಟ ಹಾಗೆ ಓದಿಸಿದೆ. ನಾಲ್ಕು ಅಚ್ಚಿನ ತಪ್ಪು ಹಿಡಿದಳು! ಎಳೆಯ ಕಣ್ಣು, ಸೂಜಿಯ ಹಾಗಿದೆ.

"ಅಪ್ಪಾ, ಆದ್ರೆ ಕಥೆ ಎಲ್ಲಿ ಹೋಯ್ತು?"

"ಕಥೆ ಎಲ್ಲೂ ಹೋಗಲ್ಲ. ತಪ್ಪಿಸ್ಕೊಂಡು ಹೋಗೋದು ತಪ್ಪು ಮಾತ್ರ."

ಚೆನ್ನಾಗಿ ಹೇಳಿದೆ ಅನ್ನಿಸಿತು. ಇಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಏಪ್ರಿಲ್ 20, ಭಾನುವಾರ

ಬೈಂಡರ್ ಮತ್ತು ಮಷಿನ್‌ಮನ್ ಸಂಜೆ ಟೀಗೆ ಬಂದಿದ್ದರು. ಇವಳಿಗೆ ಪಾಳಿ ಇತ್ತು, ಮಲ್ಲಿಯೇ ಟೀ ಮಾಡಿದಳು. ಮಾತು ಪ್ರೆಸ್ಸಿನ ಕಡೆ ತಿರುಗಿತು. ಮಷಿನ್‌ಮನ್, "ಆ ಗರ್ಭಿಣಿ ಚೀಟಿ..." ಎಂದು ಶುರು ಮಾಡಿದ. ನನಗೆ ಅದು ಬೇಕಿರಲಿಲ್ಲ. ಮಾತು ತಿರುಗಿಸಲು, "ನಮ್ಮ ಮನೇಲೊಬ್ಬಳು ದೊಡ್ಡ ಸಾಹಿತಿ ಇದಾಳೆ, ಕೇಳಿ" ಎಂದು ನೋಟುಬುಕ್ಕು ತೆಗೆದೆ. ಹಗ್ಗದ ವಾಕ್ಯವನ್ನು ಓದಿ ಕನ್ನಡದಲ್ಲಿ ಅರ್ಥ ಹೇಳಿದೆ. ಕುದುರೆಯ ಕಿವಿಯಲ್ಲಿ ಪಿಸುಗುಟ್ಟುವುದನ್ನು ಅಭಿನಯಿಸಿಯೂ ತೋರಿಸಿದೆ. ಮಷಿನ್‌ಮನ್ ಟೀ ಉಗುಳುವಷ್ಟು ನಕ್ಕ. "ಮಗೂ, ನಮ್ಮ ಮಷಿನೂ ಕುರುಡೇ ಕಣಮ್ಮ, ಅದರ ಕಿವೀಲೂ ಒಂಚೂರು ಹೇಳು" ಎಂದ. ನನಗೂ ನಗು ತಡೆಯಲಾಗಲಿಲ್ಲ.

ಮಲ್ಲಿ ಟ್ರೇ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಬೈಂಡರ್ ಮಾತ್ರ ನಗದೆ, "ಟೀ ಚೆನ್ನಾಗಿದೆಯಮ್ಮ" ಎಂದು ಲೋಟ ಅವಳ ಕೈಗೆ ಕೊಟ್ಟ. ಅವನಿಗೆ ತಮಾಷೆ ಅರ್ಥವಾಗುವುದು ಸ್ವಲ್ಪ ನಿಧಾನ.

ಏಪ್ರಿಲ್ 22

ಬಲ ಪುಟದಲ್ಲಿ ಇಂದು ಒಂದೇ ವಾಕ್ಯ: ಈ ಸಾಲು ಚೆನ್ನಾಗಿದೆ. ಒಂದೂ ತಪ್ಪಿಲ್ಲ. ಸಹಿ ಹಾಕಿದೆ.

ಏಪ್ರಿಲ್ 23

ಈ ಸಾಲು ಕೂಡ ಚೆನ್ನಾಗಿದೆ. ತಪ್ಪಿಲ್ಲ. ಸಹಿ.

ಏಪ್ರಿಲ್ 28

ಇಂದು ಆರು ಚೀಟಿಗಳ ಪ್ರೂಫ್ ಮನೆಗೆ ತಂದೆ. ಪ್ರೆಸ್ಸಿನ ಟ್ಯೂಬ್‌ಲೈಟಿನಲ್ಲಿ ಮಧ್ಯಾಹ್ನ ಮೂರರ ಮೇಲೆ ಸಾಲುಗಳು ಒಂದರ ಮೇಲೊಂದು ಹತ್ತುತ್ತವೆ. ಮಲ್ಲಿಗೆ ಹೇಳಿದೆ: "ಇದು ಅಭ್ಯಾಸಕ್ಕೆ. ಇದರಲ್ಲಿ ತಪ್ಪು ಹಿಡಿದೆ ಅಂದ್ರೆ ನಿನ್ನ ಟೀಚರ್ ಕೊಡೋ ಪುಸ್ತಕ ಎಲ್ಲ ನೀರು ಕುಡಿದ ಹಾಗೆ."

ಅದು ಸುಳ್ಳಲ್ಲ. ಅಭ್ಯಾಸ ಅಭ್ಯಾಸವೇ.

ಒಂದು ತಾಸಿನಲ್ಲಿ ಮುಗಿಸಿದಳು. ಆರರಲ್ಲಿ ಮೂರು ತಪ್ಪು. ಒಂದರಲ್ಲಿ ಮಕ್ಕಳ ಪ್ರಮಾಣವೂ ದೊಡ್ಡವರ ಪ್ರಮಾಣವೂ ಅದಲು ಬದಲಾಗಿತ್ತು. ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೀಳುತ್ತಿತ್ತು, ಇನ್ನೊಂದು ಸಲ ನೋಡಿದ್ದರೆ.

ಮೇ 2

ಫೋರ್‌ಮನ್ ಬಂದು, "ಏನ್ರೀ, ಮತ್ತೆ ಹಳೇ ಹದಕ್ಕೆ ಬಂದ್ರಿ" ಎಂದು ಬೆನ್ನು ತಟ್ಟಿದರು. ಕಂಪ್ಯೂಟರಿನ ಮಾತೇ ಇಲ್ಲ. ಹತ್ತು ಚೀಟಿ ತಂದೆ.

ಮೇ 5

ಮಲ್ಲಿ ಬೆಳಗ್ಗೆ ಕೈ ತಗುಲಿಸಿ ನನ್ನ ಹಾಲಿನ ಲೋಟ ಬೀಳಿಸಿದಳು. ನೆಲವೆಲ್ಲ ಹಾಲು. ಇವಳು ಅವಳಿಗೆ ಸರಿಯಾಗಿ ಬೈದಳು. ಆಮೇಲೆ ನನ್ನ ಕಡೆ ತಿರುಗಿ, "ರೀ, ಕಣ್ಣು ಒಂದ್ಸಲ ತೋರಿಸ್ಕೊಳ್ಳಿ. ಮೊನ್ನೆ ಬೀಗದ ಕೈ ಹಿಡ್ಕೊಂಡು ಬಾಗಿಲು ತಡಕ್ತಿದ್ರಿ" ಎಂದಳು.

"ಬಾಗಿಲಿನ ಮೇಲೆ ಬೆಳಕಿರಲಿಲ್ಲ."

"ಪೊರೆ ಬಂದಿದ್ರೆ ಸಣ್ಣ ಆಪರೇಷನ್ ಅಷ್ಟೆ. ಮೂರು ವಾರ ರಜ ಹಾಕಿ."

ಮೂರು ವಾರ. ಮೂರು ವಾರ ನನ್ನ ಕುರ್ಚಿ ಖಾಲಿ ಇದ್ದರೆ ಅದರ ಮೇಲೆ ಕಂಪ್ಯೂಟರ್ ಬಂದು ಕೂರುತ್ತದೆ. ಇದನ್ನು ಅವಳಿಗೆ ಹೇಳಲಿಲ್ಲ. "ನಿನಗೆ ಎಲ್ಲರೂ ರೋಗಿಗಳ ಹಾಗೇ ಕಾಣ್ತಾರೆ" ಎಂದೆ. ಸಿಟ್ಟಿನಿಂದ ಒಳಗೆ ಹೋದಳು.

ಮೇ 11, ಭಾನುವಾರ

ಎದುರು ಮನೆಯ ದರ್ಜಿಯ ಮಗಳು ಬಂದಿದ್ದಳು. ಅವಳೂ ಆ ಮೂವತ್ತರಲ್ಲಿ ಒಬ್ಬಳು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಪುಸ್ತಕದ ವಿಷಯ ಮಾತಾಡೋಣವೆಂದು ಕರೆಯಲು ಬಂದದ್ದು. ಎರಡನೆಯ ಕಾದಂಬರಿಯಲ್ಲಿ ದೋಣಿ ನಡೆಸುವ ಅಣ್ಣತಮ್ಮಂದಿರು ಜಗಳವಾಡಿ ನದಿಯ ಆಚೆ ಈಚೆ ಉಳಿದುಬಿಡುತ್ತಾರಂತೆ. ಆ ಹುಡುಗಿ ಬಾಗಿಲಲ್ಲೇ ನಿಂತು ಕೈ ಬಾಯಿ ಆಡಿಸಿ ಹೇಳುತ್ತಿದ್ದಳು. "ನೀನು ಯಾರ ಕಡೆ?" ಎಂದು ಮಲ್ಲಿಯನ್ನು ಕೇಳಿದಳು.

ಮಲ್ಲಿ, "ನಾನು ಹಾಗೆ ಓದಿಲ್ಲ ಕಣೇ" ಎಂದಳು.

"ಹಾಗೆ ಅಂದ್ರೆ?"

ಮಲ್ಲಿ ಉತ್ತರ ಹುಡುಕುವುದರೊಳಗೆ ನಾನೇ ಎದ್ದು ಹೋಗಿ, ಅವಳಿಗೆ ಕೆಲಸವಿದೆ ಎಂದು ಹೇಳಿ ಕಳಿಸಿದೆ. ಹನ್ನೊಂದು ಚೀಟಿ ಬಾಕಿ ಇದ್ದವು, ಸೋಮವಾರ ಬೆಳಗ್ಗೆಯೇ ಕೊಡಬೇಕು. ಆ ಹುಡುಗಿಗೆ ತಪ್ಪಿಲ್ಲದೆ ಒಂದು ವಾಕ್ಯ ಬರೆಯಲು ಬರುವುದಿಲ್ಲ. ಜಾಗ ಸಿಗುವುದು ಕಷ್ಟ, ಪಾಪ.

ಮೇ 16, ಶುಕ್ರವಾರ

ಶಾಂತಿ. ಪ್ರೆಸ್ಸಿನಲ್ಲೂ ಶಾಂತಿ, ಮನೆಯಲ್ಲೂ ಶಾಂತಿ. ಸಂಜೆ ನಾನು ಬರುವಷ್ಟರಲ್ಲಿ ಮಲ್ಲಿ ಮೇಜು ಒರೆಸಿ, ಸ್ಕೇಲು, ಪೆನ್ಸಿಲು ಇಟ್ಟುಕೊಂಡು ಕೂತಿರುತ್ತಾಳೆ. ಈಚೆಗೆ ನನಗೆ "ನೀವು" ಅನ್ನತೊಡಗಿದ್ದಾಳೆ. ಯಾರೂ ಹೇಳಿಕೊಟ್ಟದ್ದಲ್ಲ. ದೊಡ್ಡವಳಾಗುತ್ತಿದ್ದಾಳೆ, ಮರ್ಯಾದೆ ತಾನಾಗಿ ಬರುತ್ತಿದೆ.

ಮೇ 16 (ಎರಡನೆಯದು, ನಿಜಕ್ಕೆ ಶನಿವಾರ)

ಅಚ್ಚಾದ ಪುಟವನ್ನು ಖಾಲಿ ಬಿಡುವುದು ನನ್ನ ಕೈಲಾಗದು.

ಇಸ್ತ್ರಿ ಬಟ್ಟೆಗಳ ಕೆಳಗೆ ಮಲ್ಲಿಯ ಇನ್ನೊಂದು ನೋಟುಬುಕ್ಕು ಸಿಕ್ಕಿತು. ಇದು ಟೀಚರ್ ಹೇಳಿದ್ದಲ್ಲ, ತನಗೇ ಬರೆದುಕೊಂಡಿರುವುದು, ಕನ್ನಡದಲ್ಲಿ. ಕಿಟಕಿಯ ಹತ್ತಿರ ಹಿಡಿದು ಬಲಗಣ್ಣಿನಿಂದ ಓದಿದೆ. ಕೊನೆಯ ಪುಟದಲ್ಲಿದ್ದದ್ದನ್ನು ಇಲ್ಲಿ ನಕಲು ಮಾಡುತ್ತೇನೆ.

"ಅಪ್ಪನಿಗೆ ಕಾಣಿಸುತ್ತಿಲ್ಲ. ಅವತ್ತು ಲೋಟ ಇಡಲು ಹೋದರು, ಮೇಜು ಇನ್ನೂ ಸ್ವಲ್ಪ ದೂರ ಇತ್ತು. ನಾನು ಬೀಳಿಸಿದೆ ಅಂತ ಹೇಳಿದೆ. ಅಮ್ಮ ಬೈದಳು, ಪರವಾಗಿಲ್ಲ. ಚೀಟಿ ನಾನು ನೋಡಿಕೊಟ್ಟರೆ ಅಪ್ಪನ ಕೆಲಸ ಉಳಿಯುತ್ತದೆ. ಆದರೆ ಈಗ ಕಥೆ ಪುಸ್ತಕ ತೆಗೆದರೆ ಯಾರೂ ಬರುವುದಿಲ್ಲ. ಮೊದಲು ಎಲ್ಲರೂ ಬರುತ್ತಿದ್ದರು. ಬರೀ ಸಾಲು ಇರುತ್ತದೆ. ಸ್ಕೇಲು ಇಡದೆ ಓದಿದರೂ ಅಷ್ಟೆ."

ಸ್ವಲ್ಪ ಹೊತ್ತು ಹಾಸಿಗೆಯ ಮೇಲೆ ಕೂತೆ. ಲೋಟ ಇಟ್ಟಾಗ ಮೇಜು ದೂರ ಇತ್ತೇ? ನನಗೆ ನೆನಪಿಲ್ಲ. ಮಕ್ಕಳಿಗೆ ಎಲ್ಲವನ್ನೂ ಕಥೆ ಮಾಡಿ ನೋಡುವ ಚಾಳಿ.

ಆ ಒಂದೇ ಪುಟದಲ್ಲಿ ನಾಲ್ಕು ತಪ್ಪು ಇದ್ದವು. ನಕಲು ಮಾಡುವಾಗ ಸರಿಪಡಿಸಿ ಬರೆದಿದ್ದೇನೆ. ಅವಳ ನೋಟುಬುಕ್ಕಿನಲ್ಲೂ ತಿದ್ದಿದೆ, ಮೊದಲಿನಿಂದ ಕೊನೆಯವರೆಗೆ, ಇಪ್ಪತ್ತಮೂರು ಪುಟ. ಕೊನೆಯಲ್ಲಿ "ಪರವಾಗಿಲ್ಲ. ಅಕ್ಷರ ಇನ್ನಷ್ಟು ದುಂಡಗಿರಲಿ" ಎಂದು ಬರೆದು ಸಹಿ ಹಾಕಿ, ಇದ್ದಲ್ಲೇ ಇಟ್ಟೆ. ಅಪ್ಪ ಓದಿದ್ದಾನೆ ಎಂದು ಗೊತ್ತಾದರೆ ಖುಷಿಪಡುತ್ತಾಳೆ.

ಮೇ 19

ಇಸ್ತ್ರಿ ಬಟ್ಟೆಗಳ ಕೆಳಗೆ ಏನೂ ಇಲ್ಲ. ಕಸದ ಬುಟ್ಟಿಯಲ್ಲಿ ಹರಿದ ಕಾಗದ. ಕೇಳಿದ್ದಕ್ಕೆ, "ಬೇಡದ್ದು, ಅಪ್ಪ" ಎಂದಳು. ಸರಿ.

ಚೀಟಿ ಹದಿಮೂರು.

ಮೇ 25, ಭಾನುವಾರ

ಟೀಚರ್ ಜೊತೆಗಿನ ಮಾತಿಗೆ ಐದೇ ದಿನ. ಚೀಟಿಗಳ ಕೆಲಸದಲ್ಲಿ ದಿನದ ಸಹಿ ಎಂದೋ ನಿಂತುಹೋಗಿತ್ತು, ಮೂರನೆಯ ಕಾದಂಬರಿಯನ್ನು ತೆರೆದೇ ಇಲ್ಲ ಎಂಬುದು ಇಂದು ತಿಳಿಯಿತು. ಕೋಪ ನೆತ್ತಿಗೇರಿತು.

"ಇಷ್ಟು ದಿನ ಏನು ಮಾಡ್ತಿದ್ದೆ?"

ಅವಳು ಮೇಜಿನ ಮೇಲಿದ್ದ ಚೀಟಿಗಳ ಕಡೆ ನೋಡಿದಳು. ಹಾಗೆ ನೋಡುವುದು ನನಗೆ ಸರಿಬರುವುದಿಲ್ಲ. ಎದುರು ಮಾತಾಡುವುದಕ್ಕಿಂತ ಅದು ಕೆಟ್ಟದ್ದು, ಹಾಗೆಂದು ಹೇಳಿದೆ ಕೂಡ. "ಪ್ರೆಸ್ಸಿನ ಕೆಲಸದ ನೆಪ ಹೇಳ್ಬೇಡ. ಆ ಅನ್ನಾನೇ ನೀನು ತಿನ್ನೋದು" ಎಂದೆ.

"ಇಲ್ಲ, ಅಪ್ಪ" ಎಂದಳು.

ಒಂದೇ ದಿನದಲ್ಲಿ ಇಡೀ ಕಾದಂಬರಿಯನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದಿ ಮುಗಿಸಿದಳು! ನಾನು ಮೊದಲ ವರ್ಷ ಈ ವೇಗಕ್ಕೆ ಬಂದಿರಲಿಲ್ಲ. ಬಲ ಪುಟಗಳಿಗೆ ಏನು ಬರೆಯಲಿ ಎಂದು ಕೇಳಿದಳು. ನಾನೇ ಹೇಳಿದೆ, ಅವಳು ಬರೆದಳು. ಲೇಖಕರು ಒಳ್ಳೆಯ ಭಾಷೆ ಬಳಸಿದ್ದಾರೆ. ಈ ಭಾಗ ಉಪಯುಕ್ತವಾಗಿದೆ. ಹತ್ತೊಂಬತ್ತು ಪುಟ, ಮುತ್ತು ಪೋಣಿಸಿದ ಹಾಗೆ. ಹತ್ತೊಂಬತ್ತು ಸಹಿ ಒಟ್ಟಿಗೆ ಹಾಕಿದೆ.

ಮೇ 30, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಲ್ಲಿಯ ಜೊತೆ ನಾನೂ ಶಾಲೆಗೆ ಹೋಗಿದ್ದೆ, ಕ್ಲಾಸಿನಲ್ಲಿ ಆ ಪುಸ್ತಕದ ಬೀರು ನೋಡಿದೆ. ಗಾಜಿನ ಬಾಗಿಲು, ಕೆಳಗಿನ ಎರಡು ಅರೆಗಳಲ್ಲಿ ಪುಸ್ತಕಗಳು ಅಡ್ಡಾದಿಡ್ಡಿ. ಟೀಚರ್ ಇನ್ನೂ ಚಿಕ್ಕ ಪ್ರಾಯದವರು. ನಮ್ಮನ್ನು ಎದುರಿನ ಬೆಂಚಿನಲ್ಲಿ ಕೂರಿಸಿ ನೋಟುಬುಕ್ಕು ತಿರುವಿದರು. ಮೊದಲ ಪುಟಗಳಲ್ಲಿ ನಿಧಾನವಾಗಿ, ಆಮೇಲೆ ಬೇಗ ಬೇಗ. ಹೆದರಿಕೆ ಹೋಗಲೆಂದು ಮಲ್ಲಿಯನ್ನು ಕನ್ನಡದಲ್ಲೇ ಮಾತಾಡಿಸಿದರು.

"ಕೊನೇ ಪುಸ್ತಕದಲ್ಲಿ ಆ ಹೆಂಗಸು ಒಂದಿನ ಎಲ್ಲ ಬಿಟ್ಟು ಮನೆಯಿಂದ ಹೊರಟುಹೋಗ್ತಾಳಲ್ಲ. ಅದನ್ನ ಓದಿದಾಗ ನಿನಗೆ ಏನನ್ನಿಸ್ತು?"

ಮಲ್ಲಿ ನನ್ನ ಕಡೆ ತಿರುಗಿ ನೋಡಿದಳು. ನಿಜ ಹೇಳಬೇಕೆಂದರೆ ಆ ಕ್ಷಣ ನನಗೆ ಹೆಮ್ಮೆಯಾಯಿತು.

"ಅಪ್ಪನ್ನ ನೋಡ್ಬೇಡ ಮರಿ. ನನ್ನ ನೋಡಿ ಹೇಳು. ತಪ್ಪು ಉತ್ತರ ಅನ್ನೋದು ಇಲ್ಲ."

ಮಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು ಹೇಳಿದಳು: "ಪುಟ ತೊಂಬತ್ತೊಂದರಲ್ಲಿ ಒಂದು ಸಾಲು ಎರಡು ಸಲ ಅಚ್ಚಾಗಿದೆ, ಮಿಸ್. ನೂರ ನಲವತ್ತರಲ್ಲಿ ಕೊನೇ ಸಾಲು ಅರ್ಧಕ್ಕೇ ನಿಂತಿದೆ. ಒಟ್ಟು ಹದಿನೇಳು ಇವೆ."

"ಓಹೋ" ಎಂದರು ಟೀಚರ್. "ಅದಿರಲಿ. ಅವಳು ಯಾಕೆ ಹೋದಳು?"

"ಯಾರು, ಮಿಸ್?"

ಟೀಚರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಲ್ಲಿಗೆ ಹೊರಗೆ ನೀರು ಕುಡಿದು ಬರಲು ಹೇಳಿದರು. ಅವಳು ಹೋದ ಮೇಲೆ ನನ್ನನ್ನು ಕೇಳಿದರು, "ಈ ಕೆಂಪು ಯಾರದು?"

"ನನ್ನದೇ" ಎಂದೆ. "ಪ್ರೆಸ್ಸಿನಲ್ಲಿ ಇಪ್ಪತ್ತೇಳು ವರ್ಷ..."

"ನಾನು ಸಹಿ ಮಾತ್ರ ಕೇಳಿದ್ದೆ, ಸಾರ್. ಮಾರ್ಚಿನಲ್ಲಿ ಈ ಹುಡುಗೀನ ಮಾತು ನಿಲ್ಲಿಸಮ್ಮ ಅಂತ ಬೇಡ್ಕೋಬೇಕಿತ್ತು ನಾನು."

ನನಗೆ ಅವಮಾನವಾಯಿತು. ನನ್ನ ಅರ್ಧ ವಯಸ್ಸಿನವರ ಎದುರು ಬೆಂಚಿನಲ್ಲಿ ಮೊಣಕಾಲು ಮಡಿಸಿಕೊಂಡು ಕೂತಿದ್ದೆ. ಹದಿನೇಳು ತಪ್ಪಿರುವ ಪುಸ್ತಕವನ್ನು ಮಕ್ಕಳಿಗೆ ಓದಲು ಕೊಟ್ಟವರು ಅವರು. ಅದರ ಬಗ್ಗೆ ಒಂದು ಮಾತಿಲ್ಲ.

ಜೂನ್ 3, ಮಂಗಳವಾರ

ಪಟ್ಟಿ ಹಾಕಿದ್ದಾರೆ. ಹದಿನೈದರಲ್ಲಿ ಮಲ್ಲಿ ಇಲ್ಲ. ದರ್ಜಿಯ ಮಗಳು ಇದ್ದಾಳೆ.

ಮಲ್ಲಿ ಅಳಲಿಲ್ಲ. ಅಳುತ್ತಾಳೆ, ಸಮಾಧಾನ ಮಾಡೋಣ ಎಂದು ನಾನು ಪ್ರೆಸ್ಸಿನಿಂದ ಅರ್ಧ ತಾಸು ಮೊದಲೇ ಹೊರಟು ಬಂದಿದ್ದೆ. ಅವಳು ಮೇಜು ಒರೆಸುತ್ತಿದ್ದಳು. "ಇವತ್ತು ಎಷ್ಟಿವೆ, ಅಪ್ಪ?" ಎಂದು ಕೇಳಿದಳು.

ಇವಳು ಇಂದು ರಜ ಹಾಕಿದ್ದಳು. ಚೀಟಿಗಳ ವಿಷಯ ಅವಳಿಗೆ ತಿಳಿದದ್ದು ಈಗಲೇ. ಮಲ್ಲಿಯ ಕೈಯಲ್ಲಿದ್ದ ಪ್ರೂಫನ್ನು ಕಿತ್ತುಕೊಂಡು ನೋಡಿದಳು. ನನ್ನ ಸಹಿಯ ಜಾಗ ಖಾಲಿ ಇತ್ತು. ಮಲ್ಲಿಯನ್ನು ಅಂಗಡಿಗೆ ಕಳಿಸಿ ಬಾಗಿಲು ಹಾಕಿದಳು.

"ನಿಮ್ಮ ಕಣ್ಣು ಹೋಯ್ತು ಅಂತ ಅವಳ ಕಣ್ಣು ಕಿತ್ತು ಹಾಕ್ಕೊಂಡ್ರಲ್ರೀ!"

"ಕೂಗ್ಬೇಡ. ಅಭ್ಯಾಸಕ್ಕೆ ಅಂತ..."

"ಯಾವುದರ ಅಭ್ಯಾಸ? ಅವಳು ಹಾಡ್ಕೊಂಡು ಓಡಾಡೋದು ನಿಂತು ಎಷ್ಟು ದಿನ ಆಯ್ತು, ಹೇಳಿ. ಹೇಳಿ ನೋಡೋಣ!"

ನನಗೆ ಗೊತ್ತಿರಲಿಲ್ಲ. ಹಾಡುತ್ತಿದ್ದಳೇ? ಇವಳು ನೆಲದ ಮೇಲೆ ಕೂತು ಅತ್ತಳು. ದಿನವೂ ಮನೆಗೆ ಬಂದಾಗ ಮಗಳು ಮಲಗಿರುತ್ತಿದ್ದಳು, ತಾನೂ ನೋಡಲಿಲ್ಲ ಎಂದು ತನ್ನ ತಲೆಯನ್ನೇ ಚಚ್ಚಿಕೊಂಡಳು. ಕಣ್ಣಿನ ಡಾಕ್ಟರ ಹತ್ತಿರ ನಾಡಿದ್ದಿಗೇ ಸಮಯ ತೆಗೆದುಕೊಂಡಿದ್ದಾಳಂತೆ. ಪ್ರೆಸ್ಸಿನಲ್ಲಿ ಈಗ ಕೆಲಸದ ಒತ್ತಡ, ಮುಂದಿನ ತಿಂಗಳು ಖಂಡಿತ ಎಂದು ಹೇಳಿದೆ.

ನಾನು ಕೆಟ್ಟವನಲ್ಲ. ಇದನ್ನು ಯಾರಿಗೆ ಹೇಳಲಿ ಎಂದು ತಿಳಿಯದೆ ಇಲ್ಲಿ ಬರೆದಿದ್ದೇನೆ.

ಜೂನ್ 8, ಭಾನುವಾರ

ಸಾಮಾನ್ಯ ವಿಭಾಗದಲ್ಲಿ ಮನೆಗೆಲಸ ಕಡಿಮೆ. ಸಂಜೆ ಪೂರಾ ಬಿಡುವು.

ಮೊನ್ನೆ ಟೀಚರ್ ಮಲ್ಲಿಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಒಂದು ಪುಸ್ತಕ ಕೊಟ್ಟರಂತೆ. ಬೀರುವಿನದಲ್ಲ, ತಮ್ಮದೇ. ವಾಪಸು ಕೊಡಬೇಕಿಲ್ಲವಂತೆ. ಇದಕ್ಕೆ ನೋಟುಬುಕ್ಕು ಬೇಡ, ಸಹಿ ಬೇಡ ಎಂದರಂತೆ. ಎರಡು ದಿನದಿಂದ ಅದು ಮಲ್ಲಿಯ ಚೀಲದಲ್ಲೇ ಇತ್ತು. ಇಂದು ಬೆಳಗ್ಗೆ ಇವಳು ಪಾಳಿಗೆ ಹೊರಡುವ ಮುಂಚೆ ಅದನ್ನು ತೆಗೆದು ಮಗಳ ಕೈಗಿಟ್ಟು, ತಲೆ ಸವರಿ ಹೋದಳು. ಈ ವಾರ ಅವಳಿಗೆ ಬೆಳಗಿನ ಪಾಳಿ, ಕೇಳಿ ಬದಲಾಯಿಸಿಕೊಂಡಿದ್ದಾಳೆ.

ಮಲ್ಲಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. ಕೊನೆಯ ಪುಟ ತೆರೆದಳು. ಕೊನೆಯ ಸಾಲಿನ ಕೆಳಗೆ ಸ್ಕೇಲು ಇಟ್ಟಳು.

ನಾನು ಎದುರಿಗೇ ಕೂತಿದ್ದೆ. ಯಾಕೋ ನೋಡಲಾಗಲಿಲ್ಲ.

"ಇದಕ್ಕೆ ಬೇಡ ಮಲ್ಲಿ" ಎಂದು ಸ್ಕೇಲನ್ನು ಪಕ್ಕಕ್ಕೆ ಸರಿಸಿದೆ. "ಇದನ್ನ ಸುಮ್ಮನೆ ಓದು."

ಅವಳು ಮೊದಲ ಪುಟ ತೆರೆದಳು. ಬಹಳ ಹೊತ್ತು ನೋಡಿದಳು. ಅವಳ ಕಣ್ಣು ಎಡದಿಂದ ಬಲಕ್ಕೆ ಹೋಗುವುದು, ನಿಲ್ಲುವುದು, ಮತ್ತೆ ಹಿಂದಕ್ಕೆ ಬರುವುದು ನನಗೂ ಮಸುಕಾಗಿ ಕಾಣುತ್ತಿತ್ತು. ಕೊನೆಗೆ ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದಳು. ಎದುರು ಮಾತಲ್ಲ, ಕೊಂಕೂ ಅಲ್ಲ. ದಿನವೂ ಎಷ್ಟು ಚೀಟಿ ಎಂದು ಕೇಳುವಷ್ಟೇ ವಿಧೇಯವಾಗಿ ಕೇಳಿದಳು.

"ಸುಮ್ಮನೆ ಅಂದ್ರೆ ಹೇಗೆ, ಅಪ್ಪ? ಹೇಳಿಕೊಡಿ."

ನನಗೆ ಬರುವುದಿಲ್ಲ. ನಾನು ಯಾವತ್ತೂ ಹಾಗೆ ಓದಿದವನಲ್ಲ. ನಾಳೆಗೆ ಹನ್ನೆರಡು ಚೀಟಿ ಬಾಕಿ ಇದ್ದವು. ಅವನ್ನು ಅವಳ ಮುಂದಿಟ್ಟೆ.